ಉಮರಸಾಬನ ಪಿಕಪ್ ಮತ್ತು ಡೀಸೆಲ್
ಉಮರಸಾಬನ ಅಜ್ಜ ಖಾಸಿಂಸಾಬ ವಿರೂಪಾಪುರಗಡ್ಡೆಯ ಭತ್ತವನ್ನು ಹರಿಗೋಲಿನಲ್ಲಿ ಹೊಳೆ ದಾಟಿಸಿದವನು. ಅಪ್ಪ ಬುಡನಸಾಬ ಅದೇ ಭತ್ತವನ್ನು ಚಕ್ಕಡಿಯಲ್ಲಿ ಗಂಗಾವತಿಗೆ ಮುಟ್ಟಿಸುತ್ತ, ಏರು ಬಂದಲ್ಲೆಲ್ಲ ಎತ್ತುಗಳಿಗೆ ಭಾರವಾಗದಿರಲೆಂದು ಇಳಿದು ನಡೆದವನು. ಉಮರಸಾಬನಿಗೆ ಎತ್ತಿಲ್ಲ, ದೊಡ್ಡದೊಂದು ಪಿಕಪ್ ಇದೆ, ಆದರೂ ಇರಕಲ್ಲಗಡದ ಏರು ಬಂದರೆ ಸಾಕು, ಹಿಂದೆ ಕೂತವರಿಗೆ, "ಇಳದು ನಾಕ ಹೆಜ್ಜಿ ನಡೀರಿ. ಡೀಸೆಲ್ ಏನು ನಮ್ಮ ಬಾವ್ಯಾಗ ಊರತೈತೇನು?" ಎನ್ನುತ್ತಾನೆ. "ಬಾಡಿಗಿ ಕೊಟ್ಟೂ ನಡೀಬೇಕೇನೋ ಸಾಬ?" ಎಂದು ಯಾರಾದರೂ ಗೊಣಗಿದರೆ, "ನಡದ್ರ ಹಸಿವು ಛಲೋ ಆಗತೈತ್ರಿ" ಎಂಬ ಉತ್ತರ ಸಿದ್ಧ. ಗಾಳಿ ಹೊಕ್ಕರೆ ಗಾಡಿ ಹಿಂದಕ್ಕೆ ಜಗ್ಗುತ್ತದೆಂದು ಕೆಂಡದಂಥ ಬೇಸಿಗೆಯಲ್ಲೂ ಗಾಜು ಏರಿಸಿರುತ್ತಾನೆ. ಬೀಗರ ಬಾಗಿಲಲ್ಲಿ ನಿಂತರೂ ಮೊದಲು ಇಂಜಿನ್ ಬಂದ್, ಆಮೇಲೆ ಸಲಾಮು. ತನ್ನ ಮನೆಯ ಮುಂದೆ ಮಾತ್ರ ಅವನು ಇಂಜಿನ್ ಆರಿಸುವುದಿಲ್ಲ. ಒಂದು ಕಾಲಕ್ಕೆ ದೂರದ ಎತ್ತಿನ ಗೆಜ್ಜೆ ಕೇಳಿಯೇ ಗಂಡ ಬಂದನೆಂದು ಒಲೆ ಹೊತ್ತಿಸುತ್ತಿದ್ದ ತಾಯಿ ಲಾಲಬೀಗೆ ಈಗ ಕಣ್ಣು ಕಾಣದು, ಕಿವಿ ಕೇಳದು. ಸಂಜೆ ಆಕೆ ಕೂತ ಕಟ್ಟೆಗೆ ತಾಗಿಸಿ ಅವನು ಗಾಡಿ ನಿಲ್ಲಿಸುತ್ತಾನೆ. ಆಕೆ ಕೈ ಚಾಚಿ ತಡಕಾಡಿ, ನಡುಗುವ ಬಾನೆಟ್ಟಿನ ಮೇಲೆ ಅಂಗೈ ಊರಿ, ಮಗ ಬಂದನೆಂದು ನಗುತ್ತಾಳೆ. ಆ ಕೈ ಸರಿಯುವವರೆಗೂ ಡೀಸೆಲ್ ಸುಡುತ್ತಲೇ ಇರುತ್ತದೆ. ಮೊನ್ನೆ ಗ್ಯಾರೇಜಿನ ಯಂಕೋಬ, "ಇಂಜಿನ್ ಕೆಳಗಿನ ರಬ್ಬರ್ ಸವದಾವ ಮಾವ. ರೊಕ್ಕ ಬ್ಯಾಡ, ಹೊಸಾವ ಹಾಕಿ ಇಂಜಿನ್ನೂ ಸರಿಮಾಡಿ ಕೊಡ್ತೀನಿ. ನಡುಗೂದು ನಿಲ್ಲತೈತಿ, ಡೀಸೆಲ್ಲೂ ಉಳಿತೈತಿ" ಎಂದ. ಉಮರಸಾಬ ಬಾನೆಟ್ ಮುಚ್ಚಿದ. "ಬ್ಯಾಡಪಾ ಯಂಕೋಬ, ಅದು ನಡುಗಲಿ ಬಿಡು. ಇಲ್ಲಂದ್ರ ನಾ ಬಂದೀನಂತ ಅಮ್ಮಗ ಯಾರು ಹೇಳ್ತಾರ?"