ಎರಡೂ ಕೈಯಲ್ಲಿ ಪಡೆದ ವೀಳ್ಯ

ಆಗೆಲ್ಲ ನಮ್ಮ ಪೇಟೆಯಲ್ಲಿ ಹೂಮಳೆ ಬಿದ್ದು ವಾರವಾಯಿತೆಂದರೆ ಕಾಫಿ ಹೂವಿನ ವಾಸನೆ ಬಸ್‌ಸ್ಟ್ಯಾಂಡಿನ ಡೀಸೆಲ್ ಹೊಗೆಯನ್ನೂ ದಾಟಿ ಮನೆಯೊಳಗೆ ಬರುತ್ತಿತ್ತು. ಪರೀಕ್ಷೆ ಮುಗಿದಿರುತ್ತಿತ್ತು. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಕಾಗೆ ಕಾಯುವ ನೆಪದಲ್ಲಿ ಅರ್ಧ ಒಣಗಿದ್ದನ್ನೇ ಬಾಯಿಗೆ ಹಾಕಿಕೊಳ್ಳುವುದು ನಮ್ಮ ಕೆಲಸ. ನಿಮ್ಮಲ್ಲೂ ಹಾಗೇ ಇದ್ದಿರಬೇಕು. ಅದರ ಮುಂದಿನದನ್ನು ಮಾತ್ರ ಹೆದರುತ್ತಲೇ ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನಿಗೆ ಹತ್ತು ವರ್ಷದ ಹುಡುಗನ ಸಾಕ್ಷಿಯನ್ನು, ಅದು ತನ್ನದೇ ಆದರೂ, ನಂಬುವುದು ಕಷ್ಟ.

ಆ ವರ್ಷ ಅಮ್ಮ ಪಟ್ಟಣ ಪಂಚಾಯ್ತಿ ಚುನಾವಣೆಗೆ ನಿಂತಳು.

ನಮ್ಮದು ಮೇಲಿನ ಬೀದಿ. ನಲ್ಲಿ ಇದ್ದದ್ದು ಏರಿನ ಬುಡದಲ್ಲಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದ ಅಮ್ಮ ಇನ್ನೊಂದು ನಲ್ಲಿ ಹಾಕಿಸಿ ಎಂದು ಪಂಚಾಯ್ತಿ ಕಚೇರಿಗೆ ಹೋದರೆ ಅವರು ಮೆಂಬರ್ ಹತ್ತಿರ ಕಳಿಸುತ್ತಿದ್ದರು, ಮೆಂಬರ್ ಕಚೇರಿಗೆ ಕಳಿಸುತ್ತಿದ್ದರು. ಮೂರನೇ ಸಲ ವಾಪಸ್ ಬಂದವಳು, "ಇನ್ನು ನಾನೇ ಮೆಂಬರ್ ಆಗ್ತೀನಿ. ಹೇಳ್ಕೊಳ್ಳೋಕೆ ದೂರ ಹೋಗೋದು ತಪ್ಪುತ್ತೆ" ಎಂದು ನಕ್ಕಳು. ಮರುದಿನ ಯಾರನ್ನೂ ಕೇಳದೆ ನಾಮಪತ್ರಕ್ಕೆ ಸಹಿ ಹಾಕಿ ಬಂದಳು.

ವಾರ್ಡಿಗೆ ಅಮ್ಮನಲ್ಲದೆ ಇನ್ನೊಬ್ಬರೇ ಅಭ್ಯರ್ಥಿ. ಎಸ್ಟೇಟ್ ಯಜಮಾನರ ಸೊಸೆ. ಆ ಎಸ್ಟೇಟಿನಲ್ಲಿ, ಆಳುಗಳ ಹಾಜರಿ ಹಿಡಿಯುವ ರೈಟರ್ ನನ್ನ ಅಪ್ಪ.

"ದಿನಾ ಬೆಳಿಗ್ಗೆ ಅವ್ರ ಮುಖ ನೋಡ್ಬೇಕಾದವನು ನಾನು ಮಾರಾಯ್ತಿ" ಅಂದರು ಅಪ್ಪ.

"ನೋಡಿ. ನಾನೇನು ಕದ್ದಿದ್ದೀನಾ?"

"ಕದ್ದಿದ್ರೆ ಕ್ಷಮಿಸ್ತಿದ್ರು."

ಅದಾದ ಮೇಲೆ ಅವರಿಬ್ಬರೂ ನನ್ನ ಮೂಲಕ ಮಾತಾಡತೊಡಗಿದರು. "ಊಟಕ್ಕೆ ಬರ್ಬೇಕಂತೆ", "ಹಸಿವಿಲ್ವಂತೆ."

ನಾಮಪತ್ರ ಹಿಂದಕ್ಕೆ ಪಡೆಯುವ ಕೊನೆಯ ದಿನ ಬಂತು. ಮಧ್ಯಾಹ್ನ ಮೂರರವರೆಗೆ ಸಮಯ. ಅಮ್ಮ ಪಕ್ಕದ ಮನೆಯ ಸರೋಜಕ್ಕನ ಜತೆ ಕೆಳಗಿನ ಬೀದಿಗೆ ಓಟು ಕೇಳಲು ಹೋಗಿದ್ದಳು. ಅಪ್ಪ ಎಂದಿನಂತೆ ತೋಟಕ್ಕೆ ಹೊರಟಿದ್ದರು. ನಾನು ಅಂಗಳದಲ್ಲಿ ಹಪ್ಪಳ ಕಾಯುತ್ತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಪುಟ್ಟಸ್ವಾಮಜ್ಜ ಇನ್ನಿಬ್ಬರೊಂದಿಗೆ ಬಂದರು. ಅಜ್ಜ ಪೇಟೆಯ ಹಿರಿಯ ವ್ಯಾಪಾರಿ. ಮದುವೆ ಮಾತು, ಬೇಲಿ ಜಗಳ ಎಲ್ಲ ಅವರ ಎದುರೇ ತೀರ್ಮಾನವಾಗಬೇಕು.

"ಅಪ್ಪ ಇದಾರೇನೋ ಮರಿ?"

"ಇಲ್ಲ ಅಜ್ಜ, ತೋಟಕ್ಕೆ ಹೋಗಿದಾರೆ."

"ಸರಿ ಬಿಡು. ಮನೆ ಮಗ ನೀನಿದೀಯಲ್ಲ."

ಒಳಗೆ ಬಂದು ಕೂತರು. ಚೀಲದಿಂದ ತಟ್ಟೆ ತೆಗೆದು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಜೋಡಿಸಿದರು. "ತಗೋ. ಅಮ್ಮ ಬಂದ್ಮೇಲೆ, ಅಜ್ಜ ಬಂದಿದ್ರು, ಮಾತಾಯ್ತು ಅಂತ ಹೇಳು."

ನಾನು ಒಂದು ಕೈ ಚಾಚಿದೆ.

"ಎರಡೂ ಕೈ ಕಣೋ."

ಎರಡೂ ಕೈಯಲ್ಲಿ ತೆಗೆದುಕೊಂಡೆ. ನಮ್ಮ ಕಡೆ ಹಾಗೆ ವೀಳ್ಯ ಹಿಡಿದರೆ ಆ ಮನೆ ಮಾತು ಕೊಟ್ಟಂತೆ, ಆಮೇಲೆ ಚರ್ಚೆಯಿಲ್ಲ. ಯಜಮಾನರ ಸೊಸೆಗೆ ಎದುರಾಳಿ ಬೇಡ, ಅಮ್ಮ ನಾಮಪತ್ರ ಹಿಂದಕ್ಕೆ ಪಡೆಯಲಿ ಎಂದು ಅವರು ಬಂದಿದ್ದು ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದು ಅಮ್ಮ ಎಲ್ಲರಿಗೂ ಹೇಳಿದಳು. ನಾನು ಅಷ್ಟು ದಡ್ಡನಾಗಿರಲಿಲ್ಲ.

ತಟ್ಟೆ ಹಿಡಿದು ತಿರುಗಿದಾಗ ನಡುಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಸಂದಿನಲ್ಲಿ ಅಪ್ಪನ ಖಾಕಿ ಅಂಗಿಯ ತೋಳು. ಅದರ ಮೇಲೆ ಅಪ್ಪನ ಮುಖ. ಅವರು ಬೇಡವೆಂದು ತಲೆಯಾಡಿಸಲಿಲ್ಲ. ಹಾಗಂತ ನನ್ನ ನೆನಪು. ಆದರೆ ಆ ಬಾಗಿಲ ಹಿಂದಿನ ಮೊಳೆಗೆ ಅಪ್ಪನ ಇನ್ನೊಂದು ಖಾಕಿ ಅಂಗಿ ಯಾವಾಗಲೂ ನೇತಾಡುತ್ತಿತ್ತು. ಆ ದಿನ ಬೆಳಿಗ್ಗೆ ಅಪ್ಪ ತೋಟದ ಕಡೆ ಹೋಗುವ ಬಾಳೂರಿನ ಜೀಪು ಹತ್ತಿದ್ದನ್ನು ಕಂಡಿದ್ದೇನೆ ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾಳೆ. ಅಂಗಿಗೆ ಮುಖ ಸೇರಿಸಿದ್ದು ನಾನೇ ಇರಬಹುದು.

ಒಂದೂವರೆಗೆ ಅಮ್ಮ ಬಂದಳು. ಸೆರಗಿನಿಂದ ಮುಖ ಒರೆಸುತ್ತಿದ್ದವಳು ತಟ್ಟೆ ನೋಡಿ ನಿಂತುಬಿಟ್ಟಳು.

"ಯಾರು ತಗೊಂಡಿದ್ದು?"

"ನಾನು."

"ಒಂದ್ ಕೈಲಾ?"

"ಎರಡೂ ಕೈಲಿ."

ಸರೋಜಕ್ಕ ರೇಗಿದಳು. "ಆ ಮುದುಕನಿಗೆ ನಾಚಿಕೆ ಬೇಡ್ವಾ? ಕೊಡಿ ಇಲ್ಲಿ, ಅವನ ಜಗಲಿ ಮೇಲೇ ಬಿಸಾಕಿ ಬರ್ತೀನಿ."

"ಬಿಸಾಕಬಹುದು ಸರೋಜಾ. ನಾನು ಮೆಂಬರ್ ಆಗಿರೋದು ಐದು ವರ್ಷ. ಇವನು ಮಾತು ತಪ್ಪಿದೋನು ಅನ್ನಿಸ್ಕೊಂಡು ಈ ಪೇಟೇಲೇ ಬೆಳೀಬೇಕಲ್ಲ."

ಸರೋಜಕ್ಕನಿಗೆ ಆಗ ಇನ್ನೊಂದು ದಾರಿ ಹೊಳೆಯಿತು. ದೊಡ್ಡವರಿಲ್ಲದ ಹೊತ್ತಲ್ಲಿ ಮಗ ಹಿಡಿದರೂ ಅದು ಮನೆಯ ಮಾತೇ, ಆದರೆ ಮನೆಯಲ್ಲಿ ದೊಡ್ಡವರಿದ್ದೂ ಮಗುವಿನ ಕೈಗೆ ವೀಳ್ಯ ಕೊಟ್ಟರೆ ಅದು ಲೆಕ್ಕಕ್ಕಿಲ್ಲ. ಅಜ್ಜನೇ ಬಂದು ಹಿಂದಕ್ಕೆ ಒಯ್ಯಬೇಕು. ಅಮ್ಮ ನನ್ನೆದುರು ಕುಕ್ಕರಗಾಲಲ್ಲಿ ಕೂತು ಎರಡೂ ಭುಜ ಹಿಡಿದಳು.

"ಸರಿಯಾಗಿ ನೆನಪು ಮಾಡ್ಕೊಂಡು ಹೇಳು ಮಗಾ. ಅಪ್ಪ ಮನೇಲಿದ್ರಾ?"

ಗಡಿಯಾರದಲ್ಲಿ ಎರಡಾಗಿತ್ತು. ನಡುಕೋಣೆಯ ಬಾಗಿಲು ಈಗ ಪೂರ್ತಿ ಮುಚ್ಚಿತ್ತು. ಹೌದು ಎಂದರೆ ಅಪ್ಪನ ಗತಿ ಏನು, ಇಲ್ಲ ಎಂದರೆ ಅಮ್ಮನ ಗತಿ ಏನು ಎಂದು ಅಷ್ಟು ಸ್ಪಷ್ಟವಾಗಿ ಯೋಚಿಸಿದೆನೆಂದು ಹೇಳಲಾರೆ. ಭುಜ ನೋಯುತ್ತಿತ್ತು.

"ಇರ್ಲಿಲ್ಲ" ಅಂದೆ.

"ಇನ್ನೊಂದ್ ಸಲ ಹೇಳು."

"ಇರ್ಲಿಲ್ಲ ಅಮ್ಮ."

ಎರಡೂವರೆಗೆ ಅವಳು ನನ್ನ ಕೈ ಹಿಡಿದುಕೊಂಡೇ ಕಚೇರಿಯ ಮೆಟ್ಟಿಲು ಹತ್ತಿದಳು. ಚುನಾವಣಾಧಿಕಾರಿ ಅರ್ಜಿ ಮುಂದಿಟ್ಟು, "ಯಾರ ಒತ್ತಾಯಾನೂ ಇಲ್ಲ ತಾನೇ ಅಮ್ಮ?" ಎಂದು ಕೇಳಿದರು. ಇಲ್ಲ ಎಂದು ಸಹಿ ಹಾಕಿದಳು. ಹೊರಗೆ ಬರುವಾಗ ಯಜಮಾನರ ಕಡೆಯವರು ದಾರಿ ಬಿಟ್ಟು ನಿಂತು ಕೈ ಮುಗಿದರು. ಅಮ್ಮನೂ ಮುಗಿದಳು. ಅಪ್ಪ ಆ ಸಂಜೆ ಅಂಗಳದ ಕಡೆಯಿಂದ ಬಂದರೋ ಹಿತ್ತಿಲ ಕಡೆಯಿಂದಲೋ, ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ.

ಅಪ್ಪ ರೈಟರ್ ಆಗಿಯೇ ನಿವೃತ್ತರಾದರು, ತೀರಿಕೊಂಡರು. ನಾನು ಅವರನ್ನು ಕೇಳಲಿಲ್ಲ. ಅಮ್ಮನಿಗೆ ಹೇಳಲೂ ಇಲ್ಲ. ಹೇಳಬೇಕಾದ್ದು ಸತ್ಯವೋ, ಆಮೇಲೆ ನಾನು ಕಟ್ಟಿಕೊಂಡದ್ದೋ ಗೊತ್ತಾಗದೆ.

ಕಳೆದ ಸಲ ನಮ್ಮ ವಾರ್ಡು ಮತ್ತೆ ಮಹಿಳೆಯರಿಗೆ ಮೀಸಲಾಗಿ ಬಂದಾಗ ಬೀದಿಯ ಹೊಸ ಹುಡುಗಿಯರು ನಾಲ್ಕೈದು ಮಂದಿ ಮನೆಗೆ ಬಂದಿದ್ದರು. "ನೀವು ನಿಲ್ಲಿ ಆಂಟಿ, ಓಡಾಟ ಎಲ್ಲ ನಾವು ಮಾಡ್ತೀವಿ." ಅಮ್ಮ ನನ್ನ ಕಡೆ ನೋಡಿ, "ಮಗ ಏನಂತಾನೋ" ಅಂದಳು. ನಿಲ್ಲು ಅಮ್ಮ ಎಂದೆ. ಮೂರು ಸಲ ಹೇಳಿದೆ. ಮನೆಯ ಹಿರಿಯರ ಮಾತಿಗೆ ಹ್ಞೂಂಗುಟ್ಟುವ ಹಾಗೆ ಪ್ರತಿ ಸಲವೂ ತಲೆಯಾಡಿಸಿ, ಅವರಿಗೆ ಕಾಫಿ ಮಾಡಲು ಎದ್ದು ಹೋದಳು.

ಯಾರನ್ನೂ ಕೇಳದೆ ಸಹಿ ಹಾಕಿ ಬಂದ ಆ ಹೆಂಗಸು ನಮ್ಮ ಮನೆಯಲ್ಲಿ ಇದ್ದದ್ದು ಒಟ್ಟು ಏಳೆಂಟು ದಿನ. ನಾನು ಇನ್ನೊಂದು ಉತ್ತರ ಹೇಳಿದ್ದರೆ, ಈಗಲೂ ಇರುತ್ತಿದ್ದಳೋ ಏನೋ.