ಮಾರಮ್ಮನ ಬೆಳ್ಳಿಕಣ್ಣು

ಕರಿಯಯ್ಯನ ವೀರಚಕ್ರವನ್ನು ಅವನ ಅವ್ವನೇ ಕರಗಿಸಿಬಿಟ್ಟಿದ್ದಳು.

ದೇವಲಾಪುರದ ಪಕ್ಕದ ಊರಿನವನು. ಎಪ್ಪತ್ತೊಂದರ ಯುದ್ಧದಲ್ಲಿ ಗುಂಡು ಕಾರುತ್ತಿದ್ದ ಬಂಕರಿನತ್ತ ಒಬ್ಬನೇ ತೆವಳಿಕೊಂಡು ಹೋಗಿ ಒಳಕ್ಕೆ ಗ್ರೆನೇಡು ಎಸೆದವನು. ದಿಲ್ಲಿಯಲ್ಲಿ ಕರೆದು ಎದೆಗೆ ಚಕ್ರ ಚುಚ್ಚಿದರು. ರಜಕ್ಕೆ ಬಂದಾಗ ಅದನ್ನು ಅವ್ವನ ಕೈಗಿಟ್ಟು ಮತ್ತೆ ಗಡಿಗೆ ಹೋದ. ಅವ್ವ ದೊಡ್ಡತಾಯಮ್ಮನಿಗೆ ಚಕ್ರ ಕಟ್ಟಿಕೊಂಡು ಏನಾಗಬೇಕು? ಮಗ ಜೀವಸಹಿತ ಬಂದರೆ ಮಾರಮ್ಮನಿಗೆ ಬೆಳ್ಳಿಕಣ್ಣು ಮಾಡಿಸ್ತೀನಿ ಅಂತ ಹರಕೆ ಹೊತ್ತಿದ್ದಳು. ಬೆಳ್ಳಿ ತಾನಾಗಿ ಮನೆಗೆ ಬಂದಿತ್ತು. ಅಕ್ಕಸಾಲಿಗನ ಹತ್ತಿರ ಕರಗಿಸಿ ಜೋಡಿ ಕಣ್ಣು ಮಾಡಿಸಿದಳು.

ಅವರ ಕೇರಿಯ ಜನ ಮಾರಮ್ಮನ ಗುಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಅವಳು ಆಚೆಯೇ ಇಟ್ಟಳು, ಪೂಜಾರಿ ನಂಜಪ್ಪ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡ. ಬೆಳ್ಳಿಯ ಮೈಲಿಗೆ ನೀರಿಗೆ ಹೋಗುತ್ತದೆ, ಮನುಷ್ಯರದು ಹೋಗುವುದಿಲ್ಲ.

ಅವ್ವ ಸತ್ತಳು. ಕರಿಯಯ್ಯ ಮದುವೆಯಾಗಲಿಲ್ಲ. ಸೈನ್ಯ ಬಿಟ್ಟು, ಕೆ.ಆರ್.ಎಸ್.ನಲ್ಲಿ ಕಾವಲು ಕಾದು, ಊರಿಗೆ ಬಂದು ಒಬ್ಬನೇ ಮುದ್ದೆ ತೊಳಸಿಕೊಂಡು ಇದ್ದ. ಪದಕದ ಗುರುತಿಗೆ ಉಳಿದದ್ದು ಅದರ ಬಟ್ಟೆಯ ಪಟ್ಟಿ, ಅರ್ಧ ನೀಲಿ, ಅರ್ಧ ಕೇಸರಿ.

ತೊಂಬತ್ತೊಂಬತ್ತರಲ್ಲಿ ಕಾರ್ಗಿಲ್ ಯುದ್ಧವಾಯಿತು. ಎಲ್ಲರಿಗೂ ದಿಢೀರನೆ ಯೋಧರು ಬೇಕಾದರು. ಆಗಸ್ಟ್ ಹದಿನೈದಕ್ಕೆ ಸನ್ಮಾನ, ಪದಕ ಹಾಕಿಕೊಂಡು ಬರಬೇಕೆಂದು ತಾಲ್ಲೂಕು ಕಚೇರಿಯಿಂದ ಕರೆ ಬಂತು.

“ಕಳ್ದೋಯ್ತು ಅಂತ ಬರ್ಕೊಡು ಕಣ್ಲಾ, ಇನ್ನೊಂದ್ ಕೊಡ್ತಾರೆ” ಅಂದ ಪಕ್ಕದ ಮನೆಯ ಹೊನ್ನಪ್ಪ.

“ಕಳ್ದಿಲ್ವಲ್ಲ ಕಣ್ಲಾ. ಎಲ್ಲೈತೆ ಅಂತ ಗೊತ್ತು. ಮುಟ್ಟಕ್ಕಾಗಕಿಲ್ಲ, ಅಷ್ಟೆ.”

ಬರೀ ಪಟ್ಟಿಯನ್ನೇ ಅಂಗಿಗೆ ಚುಚ್ಚಿಕೊಂಡು ಹೋದ. ವೇದಿಕೆಯ ಮೆಟ್ಟಿಲಲ್ಲಿ ಬಿಲ್ಲೆ ತೊಟ್ಟ ಸಂಘಟಕನೊಬ್ಬ ಅಡ್ಡ ಬಂದ.

“ಯಾವ್ ಪಾರ್ಟಿದಯ್ಯಾ ಈ ಪಟ್ಟಿ? ಇವತ್ತು ಪಾರ್ಟಿಗೀರ್ಟಿ ಇಲ್ಲ, ಇಳಿ ಕೆಳೀಕೆ.”

ಕರಿಯಯ್ಯ ಇಳಿದ. ಮಧ್ಯಾಹ್ನದ ಬಸ್ಸಿಗೆ ಊರು ಸೇರಿ, ಮನೆಗೂ ಹೋಗದೆ ನೇರ ಗುಡಿಗೆ ಬಂದ. ಒಂದೇ ಒಂದು ಸಲ ಆ ಬೆಳ್ಳಿಯನ್ನು ಕೈಯಲ್ಲಿ ಮುಟ್ಟಬೇಕಿತ್ತು. ನಂಜಪ್ಪ ಜಗಲಿಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದ.

“ಲೇ ಕರಿಯಾ, ಅಲ್ಲೇ ನಿಂತ್ಕಂಡು ಕೈ ಮುಗಿಲಾ.”

“ಕೈ ಮುಗಿಯಕ್ಕೆ ಬಂದಿಲ್ಲ ನಂಜಪ್ಪಣ್ಣ. ನನ್ ಮೆಡಲ್ಲು ನೋಡಕ್ಕೆ ಬಂದಿವ್ನಿ.”

“ಯಾವ್ ಮೆಡಲ್ಲು? ಅವು ಅಮ್ಮನ ಕಣ್ಣು ಕಣ್ಲಾ!”

“ಅಂಗಾದ್ರೆ ಅಮ್ಮನೇ ನೋಡ್ಲಿ ಬುಡು, ಯಾರ್ ಬಂದವ್ರೆ ಅಂತ.”

ಬೂಟು ಬಿಚ್ಚಿಟ್ಟು ಹೊಸ್ತಿಲು ದಾಟಿದ. “ಕರಿಯ ಒಳೀಕೆ ಬಂದ್ಬುಟ್ಟ, ಬನ್ರೋ!” ಎಂದು ಕೂಗಿಕೊಂಡು ನಂಜಪ್ಪ ಊರೊಳಕ್ಕೆ ಓಡಿದ.

ಒಳಗೆ ಎಣ್ಣೆಯ ಕಮಟು. ದೀಪದ ಹೊಗೆ ಕುಡಿದು ಕಣ್ಣೆರಡೂ ಕರ್ರಗಾಗಿದ್ದವು. ಯಾವ ಕಣ್ಣಿನಲ್ಲಿ ಚಕ್ರದ ಯಾವ ತುಂಡು ಸೇರಿತ್ತೋ. ಕರಿಯಯ್ಯ ಪಟ್ಟಿ ಬಿಚ್ಚಿ, ಅದರಲ್ಲೇ ಎರಡನ್ನೂ ಉಜ್ಜಿ ಒರೆಸಿದ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತ. ಬರಲಿ, ಬಡಿಯಲಿ, ಆಗಲಾದರೂ ಚಕ್ರದ ಮಾತು ಬರುತ್ತದೆ ಅಂದುಕೊಂಡ.

ಊರೊಳಗಿನ ಟಿ.ವಿ.ಯಿಂದ ಕಾರ್ಗಿಲ್ಲಿನ ಗುಂಡಿನ ಸದ್ದು ಕೇಳುತ್ತಿತ್ತು, ಜನರ ಚಪ್ಪಾಳೆಯೂ ಕೇಳುತ್ತಿತ್ತು. ಟಿ.ವಿ. ಬಿಟ್ಟು ಯಾರೂ ಎದ್ದು ಬರಲಿಲ್ಲ. ಬೈಯುವುದಕ್ಕೂ ಬರಲಿಲ್ಲ.

ಹೊತ್ತು ಇಳಿದ ಮೇಲೆ ಮಸಿಯಾದ ಪಟ್ಟಿಯನ್ನು ಜೇಬಿಗೆ ತುರುಕಿ, ಗುಡಿಯ ಬಾಗಿಲನ್ನು ತಾನೇ ಎಳೆದು, ಕೇರಿಗೆ ನಡೆದ.

ಬೆಳಗ್ಗೆ ನಂಜಪ್ಪ ಕೊಡಗಟ್ಟಲೆ ನೀರು ಹುಯ್ದು ಗುಡಿ ತೊಳೆದ. ಕಣ್ಣು ಮಾತ್ರ ತೊಳೆಯಲಿಲ್ಲ. ಅವು ಆಗಲೇ ಹೊಳೆಯುತ್ತಿದ್ದವು.