ಡಾಕ್ಟರ್ ಜುವೇರಿಯಾ ಕಾದಿಸ್‌ಗೆ ಹೋಗಿ ಬಂದದ್ದು

ಜುವೇರಿಯಾಳ ಮೂಗು ಕೆಲಸ ನಿಲ್ಲಿಸಿದ್ದು ಎರಡು ಸಾವಿರದ ಇಪ್ಪತ್ತೊಂದರ ಜನವರಿಯಲ್ಲಿ. ಅದಕ್ಕೆ ಹಿಂದಿನ ಹತ್ತು ತಿಂಗಳು ಅವಳು ಐರ್ಲೆಂಡಿನ ಡ್ರೋಹೆಡಾ ಊರಿನ ದೊಡ್ಡ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಮಾಸ್ಕು, ಗೌನು ಹಾಕಿಕೊಂಡು ದಿನವಿಡೀ ಓಡಾಡಿದ್ದಳು, ಏನೂ ಆಗಿರಲಿಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಎದ್ದ ಅಲೆಯಲ್ಲಿ ಅವಳಿಗೂ ಜ್ವರ ಬಂತು. ಆರು ದಿನ ಮಲಗಿ ಎದ್ದಳು. ಏಳನೆಯ ದಿನ ಅಡುಗೆಮನೆಗೆ ಹೋಗಿ ಒಗ್ಗರಣೆಗೆ ಇಟ್ಟರೆ ಸಾಸಿವೆ ಸಿಡಿದ ಸದ್ದು ಕೇಳಿಸಿತು, ಘಮ ಬರಲಿಲ್ಲ. ಇಂಗಿನ ಡಬ್ಬಿಯನ್ನೇ ಮೂಗಿಗೆ ಹಿಡಿದು ನೋಡಿದಳು. ಏನೂ ಇಲ್ಲ.

ನೂರಾರು ರೋಗಿಗಳಿಗೆ ಅವಳೇ ಹೇಳಿದ್ದ ಮಾತು, ‘ಕೆಲವು ವಾರ ಕಾಯಿರಿ, ವಾಪಸ್ ಬರುತ್ತೆ’. ಈಗ ತನಗೆ ತಾನೇ ಹೇಳಿಕೊಂಡಳು. ವಾರಗಳು ತಿಂಗಳುಗಳಾದವು.

ಜುವೇರಿಯಾ ಕೋಲಾರದವಳು, ಸರ್ಕಾರಿ ಶಾಲೆಯ ಮೇಷ್ಟರ ಮಗಳು. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಮದುವೆಯಾದ ಮರುವರ್ಷ ಐರ್ಲೆಂಡಿಗೆ ಬಂದಿದ್ದಳು. ಗಂಡ ಇನಾಯತುಲ್ಲಾ ಬೆಂಗಳೂರಿನವನು, ಡಬ್ಲಿನ್‌ನ ಒಂದು ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನು ಈಗ ಮನೆಯ ಮಹಡಿಯ ಚಿಕ್ಕ ಕೋಣೆಯಿಂದಲೇ ಮಾಡುತ್ತಿದ್ದ. ಮಗಳು ಮಲಿಕಾಗೆ ಒಂಬತ್ತು ವರ್ಷ. ಅವಳು ಹುಟ್ಟಿದ್ದು ಡ್ರೋಹೆಡಾದಲ್ಲೇ.

ಮಾರ್ಚ್ ತಿಂಗಳ ಒಂದು ಭಾನುವಾರ ಇನಾಯತುಲ್ಲಾ ಮಹಡಿಯಿಂದ ದಡದಡ ಇಳಿದು ಬಂದ. ಅಡುಗೆಮನೆ ತುಂಬ ಹೊಗೆ. ಜುವೇರಿಯಾ ಒಲೆಗೆ ಬೆನ್ನು ಮಾಡಿ ಮೇಜಿನ ಹತ್ತಿರ ಕೂತಿದ್ದಳು.

“ಜುವೇರಿ, ಅನ್ನ ಸೀದೋಗ್ತಾ ಐತೆ! ಗೊತ್ತಾಗ್ಲಿಲ್ವಾ ನಿಂಗೆ?”

“ಇಲ್ಲ.”

ಅವನು ಒಲೆ ಆರಿಸಿ, ಕಿಟಕಿ ತೆಗೆದು, ಅವಳ ಎದುರು ಬಂದು ಕೂತ. “ಇನ್ನೂ ಬಂದಿಲ್ವಾ?” ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅಂದಿನಿಂದ ಒಲೆಯ ಮೇಲೆ ಏನಾದರೂ ಇದ್ದರೆ ಅವನು ಲ್ಯಾಪ್‌ಟಾಪ್ ಹಿಡಿದು ಕೆಳಗೇ ಬಂದು ಕೂರುತ್ತಿದ್ದ.

ಆಸ್ಪತ್ರೆಯಲ್ಲಿ ಅವಳು ಯಾರಿಗೂ ಹೇಳಲಿಲ್ಲ. ರೊಸಿಯೊಗೂ ಹೇಳಲಿಲ್ಲ.

ರೊಸಿಯೊ ಅದೇ ವಾರ್ಡಿನ ನರ್ಸು. ಸ್ಪೇನಿನ ದಕ್ಷಿಣದ ತುದಿಯಲ್ಲಿ ಮೂರು ಕಡೆಯೂ ಸಮುದ್ರ ಸುತ್ತಿಕೊಂಡಿರುವ ಕಾದಿಸ್ ಅವಳ ಊರು. ಡ್ರೋಹೆಡಾಕ್ಕೆ ಬಂದು ಎಂಟು ವರ್ಷವಾಗಿತ್ತು. ಅವಳ ಅಪ್ಪ ಮನೋಲೊ ನಲವತ್ತು ವರ್ಷ ಒಂದೇ ವೈನ್ ಅಂಗಡಿಯ ಕಟ್ಟೆಯ ಹಿಂದೆ ನಿಂತು ಪೀಪಾಯಿಯಿಂದ ವೈನ್ ಬಗ್ಗಿಸಿ ಕೊಟ್ಟವನು. ಮೊದಲ ಲಾಕ್‌ಡೌನಿನಲ್ಲಿ, ಟೀ ಕುಡಿಯಲು ಸಿಗುತ್ತಿದ್ದ ಹತ್ತು ನಿಮಿಷದಲ್ಲಿ, ಆರು ಅಡಿ ದೂರ ಕೂತು ರೊಸಿಯೊ ತನ್ನ ಊರಿನ ಅಂಗಡಿಗಳನ್ನು ಒಂದೊಂದಾಗಿ ವರ್ಣಿಸುತ್ತಿದ್ದಳು. ಎಲ್ಲಿ ಯಾವ ಮೀನು, ಯಾರ ಕೈಯ ಕರಿದ ತಿಂಡಿ, ಯಾವ ಮೂಲೆಯಲ್ಲಿ ನಿಂತರೆ ಗಾಳಿ ಬರುತ್ತದೆ ಎಂಬುದೆಲ್ಲ. ಜುವೇರಿಯಾ ಕೇಳುತ್ತಿದ್ದಳು. ಬೇರೇನೂ ಮಾತಾಡಲು ಇಬ್ಬರಿಗೂ ತ್ರಾಣವಿರುತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತರ ಏಪ್ರಿಲ್‌ನಲ್ಲಿ ಮನೋಲೊ ಅದೇ ಕಾಯಿಲೆಗೆ ಸಿಕ್ಕಿ ಒಂಬತ್ತು ದಿನದಲ್ಲಿ ತೀರಿಕೊಂಡ. ಮಣ್ಣು ಮಾಡುವಾಗ ಮೂವರಿಗಷ್ಟೇ ಅವಕಾಶವಿತ್ತು. ಹಾಸಿಗೆ ಬಟ್ಟೆ ಇಡುವ ಕೋಣೆಯಲ್ಲಿ ನಿಂತು ರೊಸಿಯೊ ಅದನ್ನು ಫೋನಿನಲ್ಲಿ ನೋಡಿದಳು. ಫೋನ್ ಹಿಡಿದು ನಿಂತದ್ದು ಜುವೇರಿಯಾ. ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯಿತು. ಇಬ್ಬರೂ ಹೊಸ ಗೌನು ಹಾಕಿಕೊಂಡು ವಾರ್ಡಿಗೆ ಮರಳಿದರು.

ಮುಂದಿನ ವರ್ಷದ ಅಕ್ಟೋಬರ್ ಹೊತ್ತಿಗೆ ಲಸಿಕೆ ಬಂದು, ವಿಮಾನಗಳೂ ಓಡಾಡುತ್ತಿದ್ದವು. ರೊಸಿಯೊ ಒಂದು ದಿನ ಜುವೇರಿಯಾಳನ್ನು ಕಾರ್ ಪಾರ್ಕಿನಲ್ಲಿ ನಿಲ್ಲಿಸಿ ಕೇಳಿದಳು. ಅವರಿಬ್ಬರ ಮಾತು ಇಂಗ್ಲಿಷಿನಲ್ಲಿ. ಒಬ್ಬಳದು ಕೋಲಾರದ ಇಂಗ್ಲಿಷು, ಇನ್ನೊಬ್ಬಳದು ಕಾದಿಸ್‌ದು.

“ಅಪ್ಪ ಹೋಗ್ತಿದ್ದ ಅಂಗಡಿಗಳಿಗೆಲ್ಲ ಒಂದೊಂದ್ಸಲ ಹೋಗಿ ನಿಂತು ಬರ್ಬೇಕು. ಒಬ್ಳೇ ಹೋಗೋಕೆ ಆಗ್ತಿಲ್ಲ. ನೀನು ಬಾ.”

“ನಾನು ವೈನ್ ಕುಡಿಯಲ್ಲ, ಹಂದಿ ತಿನ್ನಲ್ಲ. ನಿಮ್ಮೂರಲ್ಲಿ ನಂಗೇನು ಕೆಲ್ಸ?”

“ಮೀನು ತಿನ್ನು. ನನ್ನ ಪಕ್ಕ ನಿಂತ್ಕೋ. ಅಷ್ಟೇ ಕೆಲ್ಸ.”

ಮೂಗಿನ ವಿಷಯ ಆಗಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ರೊಸಿಯೊ ಬಾ ಎಂದದ್ದನ್ನು ಹಿಂತೆಗೆದುಕೊಳ್ಳುತ್ತಿದ್ದಳೇನೋ. ಜುವೇರಿಯಾ “ಆಯ್ತು” ಎಂದಳು. ಕೋಲಾರದಿಂದ ಅಮ್ಮ ಫೋನ್ ಮಾಡಿದಾಗ, ಐದು ದಿನ ಸ್ಪೇನಿಗೆ ಹೋಗುತ್ತೇನೆ ಅಂದಳು.

“ಅಲ್ಲಿ ಏನೈತೆ?” ಎಂದರು ಅಮ್ಮ.

“ಮೀನಿನ ಹೋಟ್ಲುಗಳು ಅವೆ, ಅಮ್ಮಿ.”

“ಹೋಗಿ ಬಾ. ಮೊದ್ಲು ನಿದ್ದೆ ಮಾಡು. ಫೋನಲ್ಲಿ ನಿನ್ನ ಮುಖ ನೋಡೋಕಾಗ್ತಿಲ್ಲ.”

ಸೆವಿಲ್ಲೆ ಎಂಬ ಊರಿನಲ್ಲಿ ವಿಮಾನ ಇಳಿದು, ರೈಲು ಹಿಡಿದು ಕಾದಿಸ್ ಮುಟ್ಟಿದ ಮೊದಲ ದಿನ ಜುವೇರಿಯಾ ಮಾಡಿದ್ದು ನಿದ್ದೆಯೊಂದನ್ನೇ. ರೊಸಿಯೊಳ ಅಮ್ಮನ ಮನೆಯಲ್ಲಿ ಶೂ ಬಿಚ್ಚಿ ಮಂಚದ ಮೇಲೆ ಕೂತವಳು ಹಾಗೇ ಒರಗಿದಳು. ಎದ್ದಾಗ ಮರುದಿನ ಬೆಳಿಗ್ಗೆ ಹತ್ತು ಗಂಟೆ. ಯಾರೋ ಮೇಲೆ ಹೊದಿಕೆ ಹೊದಿಸಿದ್ದರು.

ಅಂದು ಅವರ ತಿರುಗಾಟ ಶುರುವಾಯಿತು. ಸಣ್ಣ ಸಣ್ಣ ಬೀದಿಗಳು. ಬಹುತೇಕ ಎಲ್ಲ ಬೀದಿಯ ತುದಿಯಲ್ಲೂ ಸಮುದ್ರ ಕಾಣುತ್ತಿತ್ತು. ಮೊದಲು ಕಾಗದದ ಪೊಟ್ಟಣದಲ್ಲಿ ಕರಿದ ಮೀನು ಕಟ್ಟಿಕೊಡುವ ಅಂಗಡಿ. ಆಮೇಲೆ ಮೂವರು ನಿಂತರೆ ತುಂಬಿಹೋಗುವ ಒಂದು ವೈನ್ ಬಾರು. ಅಲ್ಲಿ ಪುಟಾಣಿ ಸಿಗಡಿಗಳನ್ನು ಹಿಟ್ಟಿನಲ್ಲಿ ಕಲಸಿ, ಕಸೂತಿಯಷ್ಟು ತೆಳ್ಳಗೆ ಹರಡಿ ಕರಿದಿದ್ದನ್ನು ತಂದಿಟ್ಟರು. ಹಳದಿ ಬಣ್ಣ ನೋಡಿ, ಮುರಿದಾಗ ಬಂದ ಸದ್ದು ಕೇಳಿ, ಜುವೇರಿಯಾ “ಕಡಲೆಹಿಟ್ಟು ಹಾಕ್ತಾರಾ ಇದಕ್ಕೆ? ನಮ್ಮಲ್ಲಿ ಬಜ್ಜಿ ಮಾಡೋದೂ ಇದ್ರಲ್ಲೇ” ಎಂದಳು. ರೊಸಿಯೊಗೆ ಎಲ್ಲಿಲ್ಲದ ಖುಷಿಯಾಯಿತು. ಅಂಗಡಿಯವನಿಗೆ ಅದನ್ನು ಸ್ಪ್ಯಾನಿಷಿನಲ್ಲಿ ಹೇಳಿ, ಜುವೇರಿಯಾಳತ್ತ ತಿರುಗಿ “ರುಚಿ ಹೇಗಿದೆ?” ಎಂದು ಕೇಳಿದಳು.

“ಗ್ರ್ಯಾಂಡ್,” ಎಂದಳು ಜುವೇರಿಯಾ, ಚೆನ್ನಾಗಿದೆ ಅನ್ನಲು ಐರ್ಲೆಂಡಿನವರು ಹೇಳುವ ಹಾಗೆ.

ಹೋದ ಹೋದ ಕಡೆಯೆಲ್ಲ ಜನ ಕಟ್ಟೆಯ ಹಿಂದಿನಿಂದ ಎದ್ದು ಬಂದರು. ಕೆಲವರು ರೊಸಿಯೊಳನ್ನು ತಬ್ಬಿಕೊಂಡರು. ಕೆಲವರು ಅಳುಕುತ್ತ ಮೊಣಕೈ ಮುಟ್ಟಿಸಿದರು. ಎಲ್ಲರೂ ಮನೋಲೊನ ಮಾತಾಡಿದರು. ಅವನು ಎಲ್ಲಿ ನಿಲ್ಲುತ್ತಿದ್ದ, ಏನು ತಿನ್ನುತ್ತಿದ್ದ ಎಂದು ತೋರಿಸಿದರು. ಅದೇ ತಿಂಡಿ ತಂದು ಇಬ್ಬರ ಮುಂದೂ ಇಟ್ಟರು. ವೈನ್ ಬೇಡವೆಂದ ಜುವೇರಿಯಾಳಿಗೆ ದ್ರಾಕ್ಷಿ ರಸ ಕೊಟ್ಟರು. ಅವಳು ಕುಡಿದಳು, ತಿಂದಳು, ಗ್ರ್ಯಾಂಡ್ ಎಂದಳು. ನಾಲ್ಕನೆಯ ಅಂಗಡಿಯ ಹೊತ್ತಿಗೆ ದವಡೆ ನೋಯುತ್ತಿತ್ತು. ಉಪ್ಪು ಗೊತ್ತಾಗುತ್ತಿತ್ತು, ಹುಳಿ ಗೊತ್ತಾಗುತ್ತಿತ್ತು. ಉಳಿದಂತೆ ಒದ್ದೆ ರಟ್ಟು ಅಗಿದಂತೆ. ಇಷ್ಟು ಜನರ ಪ್ರೀತಿಯನ್ನು ಸುಳ್ಳು ಹೇಳಿ ತಿನ್ನುತ್ತಿದ್ದೇನೆ ಅನ್ನಿಸಿತು.

ಮೂರನೆಯ ದಿನ ಮಧ್ಯಾಹ್ನ ಮನೋಲೊ ಕೆಲಸ ಮಾಡಿದ ಅಂಗಡಿಗೇ ಹೋದರು. ಅದನ್ನೀಗ ನಡೆಸುತ್ತಿದ್ದವನು ಅವನ ತಮ್ಮ ಪಾಕೊ, ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಗೋಡೆಯುದ್ದಕ್ಕೂ ಕಪ್ಪು ಬಣ್ಣದ ಮರದ ಪೀಪಾಯಿಗಳು, ಪ್ರತಿಯೊಂದರ ಮೇಲೂ ಒಂದು ನಂಬರು. ಪಾಕೊ ಅಣ್ಣನ ಮಗಳ ಹಣೆಗೆ ಮುತ್ತಿಟ್ಟು, ವಿನೆಗರು ಮತ್ತು ಜೀರಿಗೆಯಲ್ಲಿ ನೆನೆಸಿ ಕರಿದ ಮೀನಿನ ತುಂಡುಗಳನ್ನು ತಂದಿಟ್ಟ. ಜುವೇರಿಯಾ ಒಂದು ತುಂಡು ಕಚ್ಚಿದಳು. ಗರಿಮುರಿ ಸದ್ದು ಕೇಳಿಸಿಕೊಳ್ಳಲು ತಲೆಯನ್ನು ಸ್ವಲ್ಪ ಓರೆ ಮಾಡಿದಳು. ವಿನೆಗರು ಮೂಗಿನ ಒಳಗೆ ಚುರ್ ಎಂದಿತು. ಅದು ವಾಸನೆಯಲ್ಲ, ಬರೀ ಉರಿ. ಡಾಕ್ಟರಾದ ಅವಳಿಗೆ ಅದು ಗೊತ್ತು. ಆದರೂ ಏನೋ ಒಂದು ತಾಗಿತಲ್ಲ ಎಂದು ಎರಡನೆಯ ತುಂಡು ತೆಗೆದುಕೊಂಡಳು.

ಪಾಕೊ ಕಟ್ಟೆಗೆ ಮೊಣಕೈ ಊರಿ ಅವಳನ್ನೇ ನೋಡುತ್ತಿದ್ದ. ರೊಸಿಯೊಗೆ ಏನೋ ಹೇಳಿದ. ಅವಳು ನಕ್ಕು, “ಏನೇನೋ ಕೇಳ್ತಾನೆ ಚಿಕ್ಕಪ್ಪ,” ಎಂದಳು.

“ಏನಂತೆ?”

“ಡಾಕ್ಟರಿಗೆ ವಾಸನೆ ಬರಲ್ಲ, ಅಲ್ವಾ ಅಂತ.”

ಜುವೇರಿಯಾ ಕೈಯಲ್ಲಿದ್ದ ತುಂಡನ್ನು ತಟ್ಟೆಯಲ್ಲಿಟ್ಟಳು. “ಜನವರಿಯಿಂದ,” ಎಂದಳು.

ರೊಸಿಯೊ ಅದನ್ನು ಸ್ಪ್ಯಾನಿಷಿಗೆ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯವೂ ಇರಲಿಲ್ಲ. ಪಾಕೊ ತನ್ನ ಮೂಗು ಮುಟ್ಟಿಕೊಂಡು ಮೆಲ್ಲಗೆ ಮಾತಾಡತೊಡಗಿದ. ರೊಸಿಯೊ ಅರ್ಧ ಹೇಳುತ್ತ, ಅರ್ಧ ನಿಲ್ಲಿಸುತ್ತ ಜುವೇರಿಯಾಳಿಗೆ ತಿಳಿಸಿದಳು. ಅಣ್ಣನಿಗೂ ಅವನಿಗೂ ಜ್ವರ ಬಂದದ್ದು ಒಂದೇ ವಾರದಲ್ಲಿ. ಅಣ್ಣ ಹೋದ, ಅವನಿಗೆ ಮೂಗು ಹೋಯಿತು. ಯಾರಿಗೂ ಹೇಳಿರಲಿಲ್ಲ. ವೈನ್ ಮಾರುವವನಿಗೆ ವಾಸನೆ ಬರದು ಎಂದರೆ ಅಂಗಡಿಗೆ ಯಾರು ಬರುತ್ತಾರೆ? ಪೀಪಾಯಿಯ ನಂಬರು ನೋಡಿ, ನೆನಪಿನಿಂದಲೇ ಬಗ್ಗಿಸುತ್ತಿದ್ದ. ಹೋದ ತಿಂಗಳು ಒಂದು ಪೀಪಾಯಿ ಕೆಟ್ಟು ವಾಸನೆ ಹೊಡೆಯುತ್ತಿತ್ತು. ಅದು ಗೊತ್ತಾಗದೆ ಮೂವರು ಹಳೆಯ ಗಿರಾಕಿಗಳಿಗೆ ಅದನ್ನೇ ಕೊಟ್ಟ. ಅವರು ಒಂದು ಮಾತೂ ಆಡದೆ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು ಹೋದರು. ಮರುದಿನ ಬಂದ ಪ್ರವಾಸಿಯೊಬ್ಬ ಉಗುಳಿದಾಗಲೇ ತಿಳಿದದ್ದು.

“ಆ ಮೂವರಿಗೆ ಗೊತ್ತಿದೆ,” ಎಂದ ಪಾಕೊ. “ಈಗಲೂ ದಿನಾ ಬರ್ತಾರೆ. ಏನೂ ಕೇಳಲ್ಲ.”

ರೊಸಿಯೊ ಜುವೇರಿಯಾಳ ಕಡೆ ತಿರುಗಿದಳು. “ನೀನು ಎರಡು ದಿನದಿಂದ ಗ್ರ್ಯಾಂಡ್, ಗ್ರ್ಯಾಂಡ್ ಅಂತಿದ್ದೀಯ!”

“ನೀನು ಅಪ್ಪನ್ನ ನೆನೆಸ್ಕೊಂಡು ತಿನ್ನಿಸ್ತಿದ್ದೆ. ನಾನು ಇನ್ನೇನು ಹೇಳ್ಲಿ?”

“ಜನವರಿಯಿಂದ್ಲೂ ದಿನಾ ಒಂದೇ ವಾರ್ಡಲ್ಲಿ ಇದ್ದೀವಿ, ಜುವೇರಿಯಾ. ಅಲ್ಲಿ ಹೇಳ್ಬೋದಿತ್ತು.”

“ಉಸಿರು ಸಿಗದೆ ಒದ್ದಾಡೋರ ಮುಂದೆ ನಿಂತು ನನ್ನ ಮೂಗಿನ ಕಥೆ ಹೇಳ್ಕೊಳ್ಲಾ? ನಾಚ್ಕೆ ಆಗ್ತಿತ್ತು.”

ರೊಸಿಯೊ ಕಟ್ಟೆಯ ಮೇಲಿನ ನೀರಿನ ಹನಿಗಳನ್ನು ಬೆರಳಿನಿಂದ ಸವರುತ್ತ ಹೇಳಿದಳು. “ಅಪ್ಪ ಕೊನೇ ಸಲ ಮಾತಾಡ್ದಾಗ ಯಾವಾಗ ಬರ್ತೀಯ ಅಂತ ಕೇಳ್ದ. ಶುಕ್ರವಾರ ಬರ್ತೀನಿ ಅಂದೆ. ವಿಮಾನಾನೇ ಇರ್ಲಿಲ್ಲ. ಸೋಮವಾರ ಹೋಗ್ಬಿಟ್ಟ.” ಅವಳಿಗೆ ಅಳು ಬಂತು. ಜುವೇರಿಯಾಳಿಗೆ ಬರಲಿಲ್ಲ, ಅಷ್ಟು ದಣಿವು. ರೊಸಿಯೊಳ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಪಾಕೊ ಅಂಗಡಿಯ ಬಾಗಿಲು ಎಳೆದು ಅರ್ಧ ಮುಚ್ಚಿದ.

ಆಮೇಲೆ ರೊಸಿಯೊ ಕಣ್ಣೊರೆಸಿಕೊಂಡು ಪೀಪಾಯಿಗಳ ಹತ್ತಿರ ಹೋದಳು. ಒಂದೊಂದರಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಮೂಸಿದಳು. ಎಂಟನೆಯದನ್ನೂ ಹನ್ನೊಂದನೆಯದನ್ನೂ ಮೂಸಿ ಮುಖ ಕಿವುಚಿದಳು; ಸೀಮೆಸುಣ್ಣದಲ್ಲಿ ಅವುಗಳ ಮೇಲೆ ಗೀಟು ಹಾಕಿದಳು. ಪಾಕೊ ಕೈಕಟ್ಟಿ ನೋಡುತ್ತಿದ್ದ. ಹದಿನೆಂಟು ತಿಂಗಳಿಂದ ಹೊತ್ತಿದ್ದ ಭಾರವನ್ನು ಯಾರೋ ಒಂದು ಕಡೆಯಿಂದ ಹಿಡಿದುಕೊಂಡಂತೆ ಅವನ ಭುಜ ಇಳಿಯಿತು.

ನಾಲ್ಕನೆಯ ದಿನ ರೊಸಿಯೊ ಪೂರ್ತಿ ಅಂಗಡಿಯಲ್ಲೇ ಇದ್ದಳು. ಜುವೇರಿಯಾ ಸಮುದ್ರದ ಗೋಡೆಯ ಮೇಲೆ ಕೂತು, ಬಂದು ಕಟ್ಟೆಯ ಹತ್ತಿರ ನಿಂತು, ಮತ್ತೆ ಹೋಗಿ ಕೂತು ದಿನ ಕಳೆದಳು. ಊಟಕ್ಕೆ ಪಾಕೊ ಅವಳನ್ನು ತನ್ನ ಎದುರು ಕೂರಿಸಿಕೊಂಡ. ಭಾಷೆ ಇಬ್ಬರಿಗೂ ಇಲ್ಲ. ಬಿಸಿ ಕಡಲೆಕಾಳು ಪಾಲಕ್, ಅದರ ಪಕ್ಕ ತಣ್ಣನೆಯ ಟೊಮ್ಯಾಟೊ. ಒಂದು ತುತ್ತು ಅದು, ಒಂದು ತುತ್ತು ಇದು ಎಂದು ಬೆರಳಿನಲ್ಲಿ ತೋರಿಸಿದ. ಹಾಗೆ ತಿಂದರೆ ಬಾಯಿಗೆ ಸ್ವಲ್ಪ ಏನೋ ತಿಳಿಯುತ್ತಿತ್ತು. ಜುವೇರಿಯಾ ಜನವರಿಯ ನಂತರ ಮೊದಲ ಬಾರಿ ಇನ್ನೊಂದು ಸಲ ಬಡಿಸಿಕೊಂಡಳು.

ಐದನೆಯ ದಿನ ಬೆಳಿಗ್ಗೆ ರೈಲು ನಿಲ್ದಾಣಕ್ಕೆ ರೊಸಿಯೊ ಬರಿಗೈಯಲ್ಲಿ ಬಂದಳು.

“ನಿನ್ನ ಬ್ಯಾಗೆಲ್ಲಿ?”

“ನಾನು ಬರ್ತಾ ಇಲ್ಲ.”

“ರಜ ಜಾಸ್ತಿ ಹಾಕ್ದಾ?”

“ಇಲ್ಲ. ಕೆಲ್ಸ ಬಿಡ್ತೀನಿ. ಆಸ್ಪತ್ರೆಗೆ ಕಾಗದ ನಾನೇ ಬರೀತೀನಿ, ನೀನೇನೂ ಹೇಳ್ಬೇಕಾಗಿಲ್ಲ. ಚಿಕ್ಕಪ್ಪನಿಗೆ ಮೂಗು ಬೇಕು, ಜುವೇರಿಯಾ. ಅದೊಂದೇ ಅಲ್ಲ, ನನ್ನ ಕೈಲಿ ಆಗ್ತಿಲ್ಲ. ಆ ವಾರ್ಡಿನ ಬಾಗಿಲು ತಳ್ಳೋಕೆ ಇನ್ನು ಆಗಲ್ಲ.”

ಚಳಿಗಾಲ ಬರುತ್ತಿದೆ, ಈಗಾಗಲೇ ನರ್ಸುಗಳು ಸಾಲದು ಎಂದೆಲ್ಲ ಹೇಳಬಹುದಿತ್ತು. ವಾದ ಮಾಡುವ ಶಕ್ತಿ ಜುವೇರಿಯಾಳಲ್ಲಿ ಇರಲಿಲ್ಲ. “ಸರಿ. ಒಳ್ಳೇದಾಯ್ತು,” ಎಂದಳು. ರೈಲು ಹೊರಟ ಮೇಲೆ, ತನಗೆ ಆಗುತ್ತಿರುವುದು ಸಿಟ್ಟಲ್ಲ, ಹೊಟ್ಟೆಕಿಚ್ಚು ಎಂದು ಅವಳಿಗೆ ಅರ್ಥವಾಯಿತು. ಹಾಗೆ ಬಿಟ್ಟುಬಿಡಲು ತನಗೂ ಆಗಿದ್ದರೆ!

ಡ್ರೋಹೆಡಾದಲ್ಲಿ ಮಳೆ. ಡಿಸೆಂಬರಿನಲ್ಲಿ ಹೊಸ ರೂಪದ ವೈರಸ್ಸು ಬಂದು ವಾರ್ಡು ಮತ್ತೆ ತುಂಬಿತು. ರೊಸಿಯೊಳ ಜಾಗಕ್ಕೆ ದಿನಕ್ಕೊಬ್ಬರು ಬರುತ್ತಿದ್ದರು; ಹೆಸರು ನೆನಪಿಟ್ಟುಕೊಳ್ಳುವುದನ್ನು ಜುವೇರಿಯಾ ಬಿಟ್ಟಳು. ಒಂದು ಬೆಳಿಗ್ಗೆ ರೌಂಡ್ಸ್ ಮುಗಿಸಿ, ಸಿಬ್ಬಂದಿಯ ಆರೋಗ್ಯ ನೋಡುವ ಡಾಕ್ಟರ ಕೋಣೆಗೆ ಹೋಗಿ ಕೂತಳು. ರೋಗಿಯ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. “ಏನು ತೊಂದರೆ?” ಎಂದು ಆಕೆ ಕೇಳಿದಾಗ ಮೂಗಿನಿಂದ ಶುರು ಮಾಡಿ, ನಿದ್ದೆ, ಮಂಡಿ ನೋವು, ಮರೆವು ಎಂದು ಹೇಳುತ್ತ ಹೋಗಿ, ನಲವತ್ತು ನಿಮಿಷ ಮಾತಾಡಿದಳು. ಫೆಬ್ರವರಿಯಿಂದ ವಾರಕ್ಕೆ ಮೂರೇ ದಿನ ಕೆಲಸ ಎಂದು ತೀರ್ಮಾನವಾಯಿತು.

ರೊಸಿಯೊ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. “ಬಂತಾ?” ಎಂದು ಕೇಳುತ್ತಾಳೆ. “ಇಲ್ಲ. ಚಿಕ್ಕಪ್ಪನಿಗೆ?” “ಇಲ್ಲ.” ಅಷ್ಟಾದ ಮೇಲೆ ಬೇರೆ ಮಾತು.

ಫೆಬ್ರವರಿಯಲ್ಲಿ ಹಾಗೆ ರಜ ಸಿಕ್ಕ ಮೊದಲ ಗುರುವಾರ ಜುವೇರಿಯಾ ಮನೆ ಗುಡಿಸಬೇಕೆಂದಿದ್ದಳು, ಬಟ್ಟೆ ಮಡಚಬೇಕೆಂದಿದ್ದಳು. ಬಟ್ಟೆಯ ರಾಶಿಯ ಪಕ್ಕದಲ್ಲೇ ಸೋಫಾದ ಮೇಲೆ ನಿದ್ದೆ ಹೋದಳು. ಎಚ್ಚರವಾದಾಗ ಮಗಳ ಶಾಲೆ ಬಿಟ್ಟು ಇಪ್ಪತ್ತು ನಿಮಿಷವಾಗಿತ್ತು. ಕೋಟು ಸಿಕ್ಕಿಸಿಕೊಂಡು ಓಡಿದಳು. ಗೇಟಿನ ಬಳಿ ಮಲಿಕಾ ಒಬ್ಬಳೇ ಒಬ್ಬ ಟೀಚರ ಪಕ್ಕ ನಿಂತಿದ್ದಳು.

“ಯು ಆರ್ ವೆರಿ ಲೇಟ್, ಮಮ್.”

“ಹೂಂ ಕಣಮ್ಮ, ಮಲ್ಕೊಂಡ್ಬಿಟ್ಟಿದ್ದೆ.”

“ಇನ್ ದ ಮಿಡ್ಲ್ ಆಫ್ ದ ಡೇ?” ಮಲಿಕಾ ಅಮ್ಮನ ಮುಖವನ್ನು ಒಂದು ಕ್ಷಣ ನೋಡಿ, ತನ್ನ ಬ್ಯಾಗನ್ನು ತಾನೇ ಬೆನ್ನಿಗೆ ಏರಿಸಿಕೊಂಡಳು. ಇಬ್ಬರೂ ಮಳೆಯಲ್ಲಿ ನಿಧಾನವಾಗಿ ಮನೆಯ ಕಡೆ ನಡೆದರು.